ದಫ್ತರ ಸುಟ್ಟ ರಾಯಣ್ಣ, ಪಹಣಿ ಸಾಲಿನಲ್ಲಿ ನಿಂತ ನಾವು

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಹೊಲದ ಪಹಣಿ ತೆಗೆಸೋ ಕೆಲಸ ನನ್ನ ತಲೆಗೆ ಬಿತ್ತು. ಬೀದರ್‌ನಿಂದ ಔರಾದ್ ಕಡೆ ಹೋಗೋ ರಸ್ತೆಯಲ್ಲಿರುವ ಜನವಾಡ ನಮ್ಮ ಹೋಬಳಿ. ಸಾಲಿನಲ್ಲಿ ನನ್ನ ಮುಂದೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಅವನ ಮೊಬೈಲ್ ಕವರ್ ಮೇಲೆ ಸಂಗೊಳ್ಳಿ ರಾಯಣ್ಣ: ಎತ್ತಿದ ಖಡ್ಗ, ತಿರುವಿದ ಮೀಸೆ, ಹಿಂದೆ ಬೆಂಕಿ. ಹೊರಗೆ ನಿಂತಿದ್ದ ಅವನ ಬೈಕಿನ ಮೇಲೂ ಅದೇ ಸ್ಟಿಕರ್. ಚಿತ್ರದಲ್ಲಿ ಬೆಂಕಿ ಯಾಕಿದೆ ಅಂತ ಕೇಳಿದೆ. ಸುಮ್ನೆ ಇಫೆಕ್ಟ್ ಇರ್ಬೇಕು ಸರ್ ಅಂದ.

ಅದು ಇಫೆಕ್ಟ್ ಅಲ್ಲ. ಆ ಬೆಂಕಿ ಹತ್ತಿದ್ದು ನಾವಿಬ್ಬರೂ ನಿಂತಿದ್ದಂಥದ್ದೇ ಒಂದು ಕಚೇರಿಗೆ.

ಬೀದರ್‌ಗೂ ಸಂಗೊಳ್ಳಿಗೂ ನೂರಾರು ಕಿಲೋಮೀಟರ್ ದೂರ. ರಾಯಣ್ಣ ಬದುಕಿದ್ದಾಗ ನಮ್ಮ ಕಡೆ ನಿಜಾಮನ ಆಳ್ವಿಕೆ, ಅದು ಮುಗಿದಿದ್ದು 1948ರಲ್ಲಿ. ಬೈಲಹೊಂಗಲದ ಕಡೆಯ ಲಾವಣಿ ಹೇಳುವವರು ನಮ್ಮೂರಿನ ಜಾತ್ರೆಗೆ ಬಂದಿದ್ದು ನನಗೆ ನೆನಪಿಲ್ಲ. ಸಣ್ಣವರಿದ್ದಾಗ ನಮಗೆ ಗೊತ್ತಿದ್ದ ಖಡ್ಗ ಹಿಡಿದ ವೀರ ಅಂದ್ರೆ ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ. ಕುದುರೆ, ಭಂಡಾರ, ಜೊತೆಗೆ ನಾಯಿ. ಮಣಿ ಮಲ್ಲ ಅನ್ನೋ ಇಬ್ಬರು ರಕ್ಕಸರನ್ನು ಕೊಂದ ದೇವರು. ರಾಯಣ್ಣ ನಮಗೆ ಸಿಕ್ಕಿದ್ದು ಆಮೇಲೆ, ಸಿನಿಮಾದಿಂದ, ಬ್ಯಾನರ್‌ಗಳಿಂದ, ಜಯಂತಿ ಮೆರವಣಿಗೆಯ ಡಿಜೆಯಿಂದ. ಆದರೂ ಆ ಹುಡುಗನಿಗೆ ರಾಯಣ್ಣ ದೂರದವನಲ್ಲ. 1831ರಲ್ಲಿ ಸತ್ತ ಒಬ್ಬ ಮನುಷ್ಯ ಇಷ್ಟು ದೂರ ಹೇಗೆ ಬಂದ, ಬರುವಾಗ ಏನೇನು ಕಳಕೊಂಡು ಬಂದ ಅನ್ನೋದೇ ಈ ಬರಹ. (ಲಾವಣಿಗಳಲ್ಲಿ ರಾಯಣ್ಣನಿಗೆ ಏಕವಚನ. ನಾನೂ ಅದನ್ನೇ ಬಳಸ್ತೇನೆ, ಅಗೌರವ ಅಂತ ಯಾರೂ ತಿಳೀಬೇಡಿ.)

ಸಂಗೊಳ್ಳಿ ಈಗಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ಊರು, ಮಲಪ್ರಭೆಯ ಸೀಮೆ. ತಂದೆ ಭರಮಪ್ಪ, ತಾಯಿ ಕೆಂಚವ್ವ, ಕುರುಬ ಮನೆತನ. ಹುಟ್ಟಿದ್ದು 1798ರ ಆಗಸ್ಟ್ 15 ಅಂತ ಆಚರಿಸ್ತಾರೆ. ಗಲ್ಲಿಗೇರಿಸಿದ ದಿನವೆಂದು ನೆನೆಯೋದು 1831ರ ಜನವರಿ 26. ಎರಡೂ ತಾರೀಕು ಇನ್ನೊಮ್ಮೆ ನೋಡಿ. ಒಂದು ಸ್ವಾತಂತ್ರ್ಯ ದಿನ, ಒಂದು ಗಣರಾಜ್ಯ ದಿನ. ಕಥೆ ಕಟ್ಟೋ ಯಾವ ಲೇಖಕನೂ ಇಷ್ಟು ಅಚ್ಚುಕಟ್ಟಾಗಿ ದಿನಾಂಕ ಹೊಂದಿಸೋ ಧೈರ್ಯ ಮಾಡಲ್ಲ. ಆದರೆ ಇತಿಹಾಸ ಪುರಾಣ ಆಗಬೇಕಾದರೆ ಇಂಥ ಕಾಕತಾಳೀಯಗಳು ತುಂಬ ಕೆಲಸ ಮಾಡುತ್ವೆ. ಆಗಸ್ಟ್ 15ಕ್ಕೆ ಧ್ವಜ ಹಾರಿಸಿದ ಕೈಯೇ ಅವತ್ತು ರಾಯಣ್ಣನ ಫೋಟೋಗೂ ಹಾರ ಹಾಕುತ್ತೆ.

ಅವನ ಮನೆತನದ ಕಸುಬು ಅರ್ಥವಾಗದೆ ಅವನ ಸಿಟ್ಟು ಅರ್ಥವಾಗೋದಿಲ್ಲ. ಕಿತ್ತೂರು ಸಂಸ್ಥಾನದಲ್ಲಿ ಶೇತ್‌ಸನದಿಗಳು ಅಂತ ಇದ್ದರು. ಸಂಬಳದ ಸೈನಿಕರಲ್ಲ. ಊರು ಕಾಯೋದು, ಕರೆ ಬಂದರೆ ಯುದ್ಧಕ್ಕೆ ಹೋಗೋದು, ಅದಕ್ಕೆ ಪ್ರತಿಯಾಗಿ ಒಂದಿಷ್ಟು ಹೊಲ ಉಂಡುಕೊಳ್ಳೋದು. ರಾಯಣ್ಣ ಅಂಥ ಮನೆಯವನು, ಊರಿನ ವಾಲೀಕಾರ. ಅಂದರೆ ಅವನ ಪಾಲಿಗೆ ಹೊಲ, ಕತ್ತಿ, ಮಾನ ಮೂರೂ ಒಂದೇ ಸನದಿನಲ್ಲಿ ಬರೆದಿದ್ದವು. ಒಂದನ್ನು ಕಿತ್ತರೆ ಉಳಿದೆರಡೂ ಹೋಗುತ್ತಿದ್ದವು.

ಕಿತ್ತುತ್ತಾ ಬಂತು ಕಂಪನಿ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಶಿವಲಿಂಗಪ್ಪನನ್ನು ಕಂಪನಿ ಒಪ್ಪಲಿಲ್ಲ. ಡಾಲ್‌ಹೌಸಿಯ ಹೆಸರಲ್ಲಿ ನಾವು ಪರೀಕ್ಷೆಗೆ ಓದುವ ದತ್ತು ನಿಷೇಧದ ನೀತಿ ಇದೆಯಲ್ಲ, ಅದಕ್ಕೂ ಎರಡು ದಶಕ ಮೊದಲು ನಡೆದ ಸಂಗತಿ ಇದು. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತು ಬಿದ್ದ. ಇಬ್ಬರು ಬಿಳಿಯ ಅಧಿಕಾರಿಗಳು ಸೆರೆಯಾದರು. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ವಾಪಸ್ ಬಂತು, ಕೋಟೆ ಬಿತ್ತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು, 1829ರ ಫೆಬ್ರವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಯುದ್ಧದಲ್ಲಿ ಹೋರಾಡಿದ್ದ ರಾಯಣ್ಣನೂ ಸೆರೆಯಾಗಿ, ಆಮೇಲೆ ಬಿಡುಗಡೆಯಾಗಿ ಊರಿಗೆ ಮರಳಿದ್ದ.

ಸಿನಿಮಾದಲ್ಲಿ ಕಥೆಯ ಶಿಖರ ಇಲ್ಲೇ ಬರುತ್ತೆ: ಕೋಟೆ, ತೋಪು, ರಾಣಿಯ ಕಣ್ಣೀರು. ನನ್ನ ಪ್ರಕಾರ ರಾಯಣ್ಣನ ಕಥೆ ಶುರುವಾಗೋದೇ ಇದೆಲ್ಲ ಮುಗಿದ ಮೇಲೆ. ರಾಜ್ಯ ಹೋಯಿತು ಅಂದರೆ ಬೆಳಗಾಗೋದರೊಳಗೆ ಹಳ್ಳಿಯವನಿಗೆ ಏನೂ ಬದಲಾಗಲ್ಲ. ಕಾಗದ ಬಂದಾಗ ಬದಲಾಗುತ್ತೆ. ಶೇತ್‌ಸನದಿ ಹೊಲಗಳಲ್ಲಿ ಒಂದು ಪಾಲನ್ನು ಹೊಸ ಸರ್ಕಾರ ಮುಟ್ಟುಗೋಲು ಹಾಕಿತು, ಉಳಿದಿದ್ದರ ಮೇಲೆ ಭಾರಿ ತೆರಿಗೆ ಹೇರಿತು. ಊರು ಕಾಯೋ ಕೆಲಸಕ್ಕೆ ಇನ್ನು ಇವರು ಬೇಡ, ಹಾಗಾಗಿ ಪುಕ್ಕಟೆ ಹೊಲ ಯಾಕೆ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು, ಅದೇ ಸಮಸ್ಯೆ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೇನೆ, ಸ್ಪ್ರೆಡ್‌ಶೀಟಿನಲ್ಲಿ ಸರಿ ಕಾಣೋ ಎಷ್ಟೋ ನಿರ್ಧಾರಗಳು ಯಾರದೋ ಅಡುಗೆ ಮನೆಗೆ ಬಂದು ಬೀಳ್ತವೆ.

ರಾಯಣ್ಣನ ಮನೆಗೆ ಅದು ಹೇಗೆ ಬಿತ್ತು ಅನ್ನೋದನ್ನು ಜನಪದ ಒಂದೇ ದೃಶ್ಯದಲ್ಲಿ ಹೇಳುತ್ತೆ. ತೆರಿಗೆ ವಸೂಲಿಗೆ ಬಂದ ಕುಲಕರ್ಣಿ, ರಾಯಣ್ಣ ಮನೆಯಲ್ಲಿಲ್ಲದಾಗ ತಾಯಿ ಕೆಂಚವ್ವನನ್ನು ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರಿಸಿದ ಅಂತ. ಇದನ್ನು ಕಾಗದ ಪತ್ರ ತೋರಿಸಿ ಸಾಬೀತು ಮಾಡೋ ಗೋಜಿಗೆ ನಾನು ಹೋಗಲ್ಲ. ಆದರೆ ಬಾಕಿ ಉಳಿಸಿಕೊಂಡ ರೈತನ ಬೆನ್ನ ಮೇಲೆ ಕಲ್ಲು ಹೇರೋ ಶಿಕ್ಷೆ ಕೇಳುಗರಿಗೆ ಅಪರಿಚಿತವಾಗಿರಲಿಲ್ಲ, ಹಾಗಾಗಿ ಆ ದೃಶ್ಯ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಇಲ್ಲಿ ಸ್ವಲ್ಪ ನಮ್ಮ ಕಾಮಿಕ್ಸ್ ಓದುಗರ ಕಡೆ ತಿರುಗ್ತೇನೆ. ಸೂಪರ್‌ಹೀರೋ ಪುಸ್ತಕಗಳಲ್ಲಿ ಮೊದಲ ಕೆಲವು ಪುಟ ನಾಯಕನಿಗೆ ಆದ ಗಾಯದ ಕಥೆ. ಬ್ಯಾಟ್‌ಮನ್‌ನ ಕಣ್ಣೆದುರೇ ಅಪ್ಪ ಅಮ್ಮನ ಕೊಲೆ, ಸೂಪರ್‌ಮ್ಯಾನ್‌ಗೆ ಸ್ಫೋಟವಾದ ತಾಯ್ನೆಲ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಬಡ ಯಹೂದಿ ಹುಡುಗರ ಕೈಯಲ್ಲಿ. ಬರೆದವನು ಜೆರ್ರಿ ಸೀಗಲ್, ಚಿತ್ರ ಜೋ ಶುಸ್ಟರ್‌ದು. ಸೀಗಲ್‌ನ ಅಪ್ಪ 1932ರಲ್ಲಿ ತನ್ನ ಬಟ್ಟೆ ಅಂಗಡಿಯಲ್ಲಿ ಕಳ್ಳತನ ನಡೆದಾಗ ಕುಸಿದು ಸತ್ತಿದ್ದ. ಗುಂಡು ತಾಗದ ಮನುಷ್ಯನನ್ನು ಆ ಮಗ ಯಾಕೆ ಕಲ್ಪಿಸಿಕೊಂಡ ಅಂತ ಬೇರೆ ಹೇಳಬೇಕಿಲ್ಲ. ಮೊದಲ ವರ್ಷದ ಸೂಪರ್‌ಮ್ಯಾನ್ ಅನ್ಯಗ್ರಹದ ರಕ್ಕಸರ ಜೊತೆ ಗುದ್ದಾಡುತ್ತಿರಲಿಲ್ಲ. ಹೆಂಡತಿಗೆ ಹೊಡೆಯೋನನ್ನು ಹಿಡೀತಿದ್ದ, ಭ್ರಷ್ಟ ಸೆನೆಟರ್‌ನನ್ನು ಬಯಲಿಗೆಳೀತಿದ್ದ. ಕಾರ್ಮಿಕರ ಜೀವಕ್ಕೆ ಬೆಲೆ ಕೊಡದ ಗಣಿ ಮಾಲೀಕನನ್ನು ಅವನದೇ ಗಣಿಯೊಳಗೆ ಸಿಕ್ಕಿಸಿದ. ಸರ್ಕಾರ ಹೊಸ ಮನೆ ಕಟ್ಟಿಕೊಡಲಿ ಅಂತ ಒಂದು ಕೊಳೆಗೇರಿಯನ್ನೇ ಕೆಡವಿಹಾಕಿದ, ಪೊಲೀಸರು ಅವನ ಹಿಂದೆ ಬಿದ್ದರು. ಎರಡನೇ ಮಹಾಯುದ್ಧ ಬರೋ ಹೊತ್ತಿಗೆ ಅದೇ ಸೂಪರ್‌ಮ್ಯಾನ್ ಸರ್ಕಾರದ ಯುದ್ಧ ಬಾಂಡ್ ಮಾರ್ತಿದ್ದ. ಅವನನ್ನು ಹುಟ್ಟಿಸಿದ ಹುಡುಗರು ಎಲ್ಲ ಹಕ್ಕನ್ನೂ 130 ಡಾಲರ್‌ಗೆ ಕಂಪನಿಗೆ ಬರೆದುಕೊಟ್ಟಿದ್ದರು. ಕಂಪನಿ ಅನ್ನೋ ಶಬ್ದ ಅಲ್ಲೂ ಬಂತು ನೋಡಿ.

ಈಗ 1830ರ ಜನವರಿಗೆ ವಾಪಸ್ ಬರೋಣ. ರಾಯಣ್ಣ ಹಳ್ಳಿಗಳಿಂದ ಜನ ಕೂಡಿಸಿದ. ಅವನಂತೆ ಹೊಲ ಕಳಕೊಂಡವರು, ಹಳೆಯ ಕಿತ್ತೂರು ಸೈನಿಕರು, ಕಾಡಿನ ಸಿದ್ದಿಗಳು. ಬಿಚ್ಚುಗತ್ತಿ ಚನ್ನಬಸಪ್ಪ, ಸಿದ್ದಿ ಗಜವೀರ ಇವರ ಹೆಸರು ಜನಪದದಲ್ಲಿ ರಾಯಣ್ಣನ ಜೊತೆಜೊತೆಗೇ ಬರುತ್ತೆ. ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು. ಆಮೇಲೆ ನಂದಗಡ, ಖಾನಾಪುರ (ಇದು ನಮ್ಮ ಮಲ್ಲಣ್ಣನ ಖಾನಾಪುರ ಅಲ್ಲ, ಬೆಳಗಾವಿಯದು), ಸಂಪಗಾವಿ. ಕಂಪನಿಯ ಪಡೆ ಒಂದು ಕಡೆ ಬರೋ ಹೊತ್ತಿಗೆ ಇವರು ಕಾಡಿನೊಳಗೆ. ಹಳ್ಳಿಯವರು ಅನ್ನ ಹಾಕ್ತಿದ್ದರು, ಸುದ್ದಿ ಕೊಡ್ತಿದ್ದರು, ಕೇಳಿದವರಿಗೆ ಏನೂ ಗೊತ್ತಿಲ್ಲ ಅಂತಿದ್ದರು.

ಅವರು ಸುಟ್ಟಿದ್ದು ಏನನ್ನು? ಖಜಾನೆ ದೋಚಿದ್ದು ನಿಜ, ದಂಗೆಗೆ ದುಡ್ಡು ಬೇಕಲ್ಲ. ಆದರೆ ಕಚೇರಿಯ ದಫ್ತರಕ್ಕೆ ಬೆಂಕಿ ಇಟ್ಟರು, ಶ್ರೀಮಂತರ ಮನೆಯಲ್ಲಿದ್ದ ಸಾಲಪತ್ರಗಳನ್ನು ಹರಿದು ಹಾಕಿದರು. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾವುದು ಜಪ್ತಿ ಅನ್ನೋದೆಲ್ಲ ಆ ಬಟ್ಟೆ ಗಂಟುಗಳಲ್ಲಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅವನು ಗುರಿ ಇಟ್ಟಿದ್ದು ಸರ್ವರ್‌ಗೆ, ಅದೂ ಬ್ಯಾಕಪ್ ಇಲ್ಲದ ಸರ್ವರ್‌ಗೆ. ಓದು ಬರಹ ಬಾರದ ಜನಕ್ಕೆ ಆ ಕಾಗದದ ಶಕ್ತಿ ಓದಿದವರಿಗಿಂತ ಚೆನ್ನಾಗಿ ಗೊತ್ತಿತ್ತು. ಈಗ ಕರ್ನಾಟಕದ ಪಹಣಿ ಎಲ್ಲ ಭೂಮಿ ತಂತ್ರಾಂಶದಲ್ಲಿದೆ, ಸುಡೋಕೆ ಏನೂ ಇಲ್ಲ. ಹೆಸರಿನ ಒಂದು ಅಕ್ಷರ ತಪ್ಪಾಗಿದ್ದರೆ ವರ್ಷಗಟ್ಟಲೆ ಅಲೆಯಬೇಕು, ಅದು ಬೇರೆ ಮಾತು.

ಒಂದು ವಿಷಯದಲ್ಲಿ ನಾನು ಬಹಳ ದಿನ ತಪ್ಪು ತಿಳಿದುಕೊಂಡಿದ್ದೆ. ಕಾಲೇಜಿನಲ್ಲಿ ಎಡಪಂಥದ ಪುಸ್ತಕ ಓದ್ತಿದ್ದ ದಿನಗಳಲ್ಲಿ ರಾಯಣ್ಣ ನನಗೆ ಶುದ್ಧ ರೈತ ಕ್ರಾಂತಿಕಾರಿಯಾಗಿ ಕಂಡಿದ್ದ, ರಾಣಿ ಗೀಣಿ ಎಲ್ಲ ಆಮೇಲೆ ಸೇರಿಸಿದ್ದು ಅಂದುಕೊಂಡಿದ್ದೆ. ಹಾಗಿಲ್ಲ. ರಾಯಣ್ಣ ಬಂಡೆದ್ದಿದ್ದು ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂರಿಸುತ್ತೇನೆ ಅಂತ ಸಾರಿ. ದೊರೆ ಬೇಡ ಅಂತ ಅವನು ಎಲ್ಲೂ ಹೇಳಲಿಲ್ಲ, ಕಳೆದುಹೋದ ದೊರೆತನ ವಾಪಸ್ ಬೇಕು ಅಂದ. ಯಾಕೆಂದರೆ ಅವನ ಹೊಲದ ಸನದು ಆ ದೊರೆತನಕ್ಕೇ ಕಟ್ಟಿತ್ತು. ಇದನ್ನು ಒಪ್ಪಿಕೊಂಡರೆ ರಾಯಣ್ಣ ಸಣ್ಣವನಾಗಲ್ಲ, ನಮ್ಮ ಪೋಸ್ಟರ್‌ಗೆ ಸರಿಯಾಗಿ ಹೊಂದಲ್ಲ ಅಷ್ಟೆ. ಹಾಗೇ ಅವನು ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಅನ್ನೋ ಬಲಗಡೆಯ ಪೋಸ್ಟರ್‌ಗೂ ಹೊಂದಲ್ಲ. ಅವನಿಗೆ ಗೊತ್ತಿದ್ದ ದೇಶ ಕಿತ್ತೂರು.

ಕಂಪನಿಗೆ ಅವನನ್ನು ಯುದ್ಧದಲ್ಲಿ ಹಿಡಿಯಲಾಗಲಿಲ್ಲ. ಹಿಡಿದುಕೊಟ್ಟವರು ಊರ ಗೌಡರು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಅಂತ ಎರಡು ಹೆಸರು ಎಲ್ಲ ನಾಟಕಗಳಲ್ಲೂ ಬರುತ್ತೆ. ನಂಬಿಕೆಯವರ ಹಾಗೆ ಜೊತೆ ಸೇರಿ, 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ಕತ್ತಿ ಕೈಯಲ್ಲಿಲ್ಲದ ಹೊತ್ತು ನೋಡಿ ಹಿಡಿದರು. ವಿಚಾರಣೆ ಮುಗಿದು, ಅವನು ದಾಳಿ ಮಾಡಿದ್ದ ಊರುಗಳಲ್ಲೊಂದಾದ ನಂದಗಡದಲ್ಲೇ ನೇಣು ಹಾಕಿದರು. ಸಂಗಡಿಗರಲ್ಲೂ ಕೆಲವರಿಗೆ ಗಲ್ಲು, ಕೆಲವರಿಗೆ ಗಡೀಪಾರು. ರಾಯಣ್ಣನಿಗೆ ಆಗ 32 ವರ್ಷ. ನನಗೆ ಈಗ ಅದಕ್ಕಿಂತ ಜಾಸ್ತಿ, ಮತ್ತು ನಾನಿನ್ನೂ ಪಹಣಿ ತಿದ್ದುಪಡಿಗೆ ಅರ್ಜಿ ಬರೀತಾ ಇದ್ದೀನಿ.

ದ್ರೋಹದಿಂದ ಸತ್ತವನನ್ನು ಜನ ಸೋತವನು ಅಂತ ಎಣಿಸೋದಿಲ್ಲ. ಪುರಾಣಕ್ಕೆ ಇದು ಬೇಕೇ ಬೇಕು. ಎದುರಾಎದುರು ಯುದ್ಧದಲ್ಲಿ ಬಿದ್ದಿದ್ದರೆ ಕಂಪನಿಯ ಬಂದೂಕು ದೊಡ್ಡದು ಅಂತ ಆಗ್ತಿತ್ತು. ನಮ್ಮವರೇ ಕೊಟ್ಟರು ಅಂದಾಗ ಅವನ ಬಲ ಹಾಗೇ ಉಳೀತು, ತಪ್ಪು ನಮ್ಮ ತಲೆ ಮೇಲೆ ಬಂತು. ನಂದಗಡದ ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಇದೆ. ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟಿದ್ದು ಅಂತ ಹೇಳ್ತಾರೆ. ಮಕ್ಕಳಾಗಲಿ ಅಂತ ಹೆಂಗಸರು ಅಲ್ಲಿಗೆ ಬಂದು ಹರಕೆ ಹೊತ್ತು ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ, ಹುಟ್ಟಿದ ಮಗುವಿಗೆ ರಾಯಣ್ಣ ಅಂತ ಹೆಸರಿಡುತ್ತಾರೆ. ಹಳೆಯ ಇಂದ್ರಜಾಲ ಕಾಮಿಕ್ಸ್ ಓದಿದ್ದವರಿಗೆ ಫ್ಯಾಂಟಮ್ ನೆನಪಿರಬಹುದು. ಅಪ್ಪ ಸತ್ತರೆ ಮಗ ಅದೇ ಉಡುಪು ಹಾಕಿಕೊಳ್ಳುತ್ತಾನೆ, ಹೊರಗಿನವರು ನೂರಾರು ವರ್ಷದಿಂದ ಒಬ್ಬನೇ ಮನುಷ್ಯ ಅಂದುಕೊಳ್ಳುತ್ತಾರೆ. ಅದನ್ನು ಬರೆದ ಲೀ ಫಾಕ್‌ಗೆ ನಂದಗಡದ ತೊಟ್ಟಿಲುಗಳನ್ನು ಯಾರಾದರೂ ತೋರಿಸಬೇಕಿತ್ತು ಅಂತ ನನಗೆ ಅನ್ನಿಸಿದೆ.

ಇನ್ನು ಆ ಉಡುಪು, ಆ ಮೀಸೆ. ರಾಯಣ್ಣ ಸತ್ತಾಗ ಫೋಟೋ ತೆಗೆಯೋ ವಿದ್ಯೆ ಇನ್ನೂ ಬಂದಿರಲಿಲ್ಲ. ಅವನ ಮುಖ ಹೇಗಿತ್ತು ಅಂತ ತೋರಿಸೋ ಚಿತ್ರ ನಮ್ಮ ಕೈಯಲ್ಲಿಲ್ಲ. ಈಗ ಎಲ್ಲ ಕಡೆ ಇರೋ ಮುಖವನ್ನು ಕ್ಯಾಲೆಂಡರ್ ಕಲಾವಿದರು, ಶಿಲ್ಪಿಗಳು ಮತ್ತು ಸಿನಿಮಾ ಸೇರಿ ಮಾಡಿದ್ದು. 2012ರಲ್ಲಿ ನಾಗಣ್ಣ ನಿರ್ದೇಶನದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬಂದ ಮೇಲಂತೂ ನಮ್ಮ ಕಡೆಯ ಎಷ್ಟೋ ಬ್ಯಾನರ್‌ಗಳಲ್ಲಿ ದರ್ಶನ್ ಮುಖವೇ ರಾಯಣ್ಣನ ಮುಖ. ಮೈಲಾರನ ಕುದುರೆ ಮತ್ತು ಖಡ್ಗ ಕಂಡು ಬೆಳೆದ ಬೀದರ್ ಕಣ್ಣಿಗೆ ಈ ಚಿತ್ರ ಹೊಸದೆನಿಸಲೇ ಇಲ್ಲ. ಖಾಲಿ ಇದ್ದ ಚೌಕಟ್ಟಿಗೆ ಸರಿಯಾಗಿ ಬಂದು ಕೂತಿತು.

ಸಿನಿಮಾಕ್ಕಿಂತ ಬಹಳ ಮೊದಲೇ ಹಾಡು ಇತ್ತು. ಅದನ್ನು ಅಚ್ಚಿಗೆ ತಂದವನು ಯಾರು ಗೊತ್ತಾ? ಬ್ರಿಟಿಷ್ ಸರ್ಕಾರದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್. 1880ರ ದಶಕದಲ್ಲಿ ಅವನು ಕನ್ನಡ ಲಾವಣಿಗಳನ್ನು ಬರೆದುಕೊಂಡು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ, ರಾಯಣ್ಣನ ದಂಗೆಯ ಲಾವಣಿಯೂ ಅದರಲ್ಲಿದೆ. ಕಂಪನಿಯ ಕಚೇರಿ ಸುಟ್ಟವನ ಹಾಡು, ಕಂಪನಿಯ ಉತ್ತರಾಧಿಕಾರಿಗಳ ಕಡತದಲ್ಲಿ ಭದ್ರವಾಗಿ ಉಳೀತು. ಗಲ್ಲಾಗಿ ಐವತ್ತು ವರ್ಷ ಕಳೆದರೂ ಜನ ಹಾಡುತ್ತಲೇ ಇದ್ದರು, ಆಗ ಅವನ ಹೆಸರಲ್ಲಿ ಬ್ರಿಗೇಡೂ ಇರಲಿಲ್ಲ, ಪುತ್ಥಳಿಯೂ ಇರಲಿಲ್ಲ.

ಪುತ್ಥಳಿಗಳ ಕಾಲ ಆಮೇಲೆ ಬಂತು. ಬೆಂಗಳೂರಿನ ದೊಡ್ಡ ರೈಲ್ವೆ ಸ್ಟೇಶನ್‌ಗೆ ಅವನ ಹೆಸರು ಬಂತು. ಅವನ ಹೆಸರಿನ ಬ್ರಿಗೇಡ್ ಒಂದು ಪಕ್ಷದೊಳಗಿನ ಜಗಳದಲ್ಲಿ ಹುಟ್ಟಿ ಆ ಜಗಳ ತಣ್ಣಗಾದಂತೆ ತಣ್ಣಗಾಯಿತು. 2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಅವನ ಪುತ್ಥಳಿ ವಿಷಯಕ್ಕೆ ಕನ್ನಡ ಮರಾಠಿ ತಗಾದೆ ಎದ್ದಿತು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಿದ್ದ ಬೆನ್ನಿಗೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದರು. ಮಹಾರಾಷ್ಟ್ರದ ಗಡಿಗೇ ಅಂಟಿಕೊಂಡ, ಮನೆಯೊಳಗೇ ಮರಾಠಿ, ಉರ್ದು, ಕನ್ನಡ ಮೂರೂ ಓಡಾಡೋ ನಮ್ಮ ಜಿಲ್ಲೆಯಿಂದ ಇದನ್ನು ನೋಡಿದರೆ ವಿಚಿತ್ರ ಅನ್ನಿಸುತ್ತೆ. ರಾಯಣ್ಣನಿಗೆ ಮರಾಠಿಗರ ಜೊತೆ ಜಗಳ ಇರಲಿಲ್ಲ. ಅವನ ಜಗಳ ಕಂದಾಯ ಇಲಾಖೆಯ ಜೊತೆ.

ಕುರುಬ ಸಮುದಾಯ ಅವನನ್ನು ತನ್ನವನು ಅನ್ನೋದರಲ್ಲಿ ನನಗೆ ತಪ್ಪು ಕಾಣಲ್ಲ. ಪಠ್ಯಪುಸ್ತಕದಲ್ಲಿ ನಮ್ಮವರ ಒಂದು ಹೆಸರೂ ಇಲ್ಲದೆ ಬೆಳೆದ ಮಕ್ಕಳಿಗೆ ಹೀಗೆ ಒಬ್ಬ ಸಿಕ್ಕಾಗ ಎದೆ ಉಬ್ಬದೆ ಇರುತ್ತಾ? ಬೀದರ್‌ನಲ್ಲಿ ಗೊಂಡ, ಕುರುಬ ಅನ್ನೋ ಎರಡು ಪದಗಳ ನಡುವೆ, ಜಾತಿ ಪ್ರಮಾಣಪತ್ರಕ್ಕಾಗಿ, ತಲೆಮಾರುಗಳು ಅಲೆದಿವೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಯಾವ ಪದ ಇದೆ, ಮನೆಯವರು ಯಾವ ಪದ ಹೇಳುತ್ತಾರೆ ಅನ್ನೋದರ ಮೇಲೆ ಒಬ್ಬ ಹುಡುಗಿಯ ಸೀಟು ನಿಂತಿರುತ್ತೆ. ಮತ್ತೆ ಕಾಗದ, ಮತ್ತೆ ದಫ್ತರ. ರಾಯಣ್ಣ ಇಲ್ಲಿಗೆ ಬಂದು ಯಾಕೆ ನೆಲೆಯಾದ ಅನ್ನೋದಕ್ಕೆ ಸಿನಿಮಾಕ್ಕಿಂತ ಇದು ಹೆಚ್ಚು ಬಲವಾದ ಕಾರಣ ಅಂತ ನನ್ನ ಅನಿಸಿಕೆ.

ನನ್ನ ತಕರಾರು ಇರೋದು ಬೇರೆ ಕಡೆ. ವೇದಿಕೆಗಳಲ್ಲಿ ಈಗ ರಾಯಣ್ಣ ಅಂದರೆ ಮೊದಲು ಬರೋ ಮಾತು ನಿಷ್ಠೆ. ರಾಣಿಯ ಬಲಗೈ ಬಂಟ, ನಾಡಿನ ಸ್ವಾಮಿಭಕ್ತ. ಹಾಗೆ ಹೇಳೋದು ಎಲ್ಲರಿಗೂ ಅನುಕೂಲ, ಯಾಕೆಂದರೆ ನಿಷ್ಠೆಯನ್ನು ಯಾವ ನಾಯಕನ ಕಡೆಗೆ ಬೇಕಾದರೂ ತಿರುಗಿಸಬಹುದು. ಚೆನ್ನಮ್ಮ ತೀರಿಕೊಂಡ ಮೇಲೆಯೇ ರಾಯಣ್ಣ ತನ್ನ ದಂಗೆ ಎಬ್ಬಿಸಿದ್ದು, ಆಗ ಅಪ್ಪಣೆ ಕೊಡೋಕೆ ಅವನ ಮೇಲೆ ಯಾರೂ ಇರಲಿಲ್ಲ. ಆ ತಿಂಗಳುಗಳ ಲೆಕ್ಕವನ್ನು ವೇದಿಕೆಯ ಭಾಷಣ ಬೇಗ ದಾಟಿಹೋಗುತ್ತೆ. ಜಪ್ತಿಯಾದ ಹೊಲ, ಹರಿದ ಸಾಲಪತ್ರ, ಹಿಡಿದುಕೊಟ್ಟ ಗೌಡರು, ಇವೆಲ್ಲ ಇವತ್ತಿನ ಯಾರನ್ನಾದರೂ ನೆನಪಿಸಿಬಿಟ್ಟರೆ ಕಷ್ಟ. ಸೂಪರ್‌ಮ್ಯಾನ್‌ಗೂ ಹೀಗೇ ಆಯಿತು. ಗಣಿ ಮಾಲೀಕನ ಕುತ್ತಿಗೆ ಪಟ್ಟಿ ಹಿಡಿದವನು ಬ್ಯಾಂಕ್ ದರೋಡೆ ತಡೆಯೋ ಸಭ್ಯಸ್ಥನಾದ.

ಆದರೆ ಇಂಥ ಕಥೆಗಳಿಗೆ ಒಂದು ಹಠ ಇದೆ. ಎಷ್ಟೇ ತೊಳೆದರೂ ಮೂಲದ ಗಾಯ ಎಲ್ಲೋ ಉಳಿದಿರುತ್ತೆ. ರಾಯಣ್ಣನ ಹಿಂದಿನ ಆ ಬೆಂಕಿಯನ್ನು ಯಾರೂ ಅಳಿಸಿಲ್ಲ. ಚಿತ್ರ ಬರೆದವನಿಗೆ ಅದು ಯಾವ ಬೆಂಕಿ ಅಂತ ಗೊತ್ತಿಲ್ಲದಿದ್ದರೂ.

ಸಾಲಿನಲ್ಲಿದ್ದ ಹುಡುಗನಿಗೆ ಬೀಡಿ, ಸಂಪಗಾವಿಯ ಕಥೆ ಹೇಳಿದೆ. ಸಿನಿಮಾ ಮೂರು ಸಲ ನೋಡಿದ್ದನಂತೆ, ಆದರೂ ಕಚೇರಿಯ ಕಾಗದ ಸುಟ್ಟಿದ್ದು ಅವನ ತಲೆಯಲ್ಲಿ ಕೂತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೌಂಟರ್ ಕಡೆ ನೋಡಿ, ದನಿ ತಗ್ಗಿಸಿ, ಸಾಹುಕಾರರ ಸಾಲದ ಚೀಟಿನೂ ಸುಟ್ಟಿದ್ನಾ ಅಂತ ಕೇಳಿದ. ಹರಿದು ಹಾಕಿದ್ದ ಅಂತಾರೆ ಅಂದೆ. ಅಷ್ಟರಲ್ಲಿ ಅವನ ಸರದಿ ಬಂತು, ಸರ್ವೆ ನಂಬರ್ ಹೇಳೋಕೆ ಕಿಟಕಿಯ ಹತ್ತಿರ ಬಗ್ಗಿದ.